ತಂದೆಯ ಉದ್ಯೋಗ: ಬಾಲ್ಯದ ಬಡತನಕ್ಕೆ ಹದಿನೆಂಟರಲ್ಲಿ ಹುಟ್ಟುವ ನಾಚಿಕೆ

ಪದವಿ ಕಾಲೇಜಿನಲ್ಲಿ ಪ್ರವೇಶ ನಡೆಯುವ ದಿನಗಳಲ್ಲಿ ಅರ್ಜಿ ಪರಿಶೀಲಿಸುವ ಮೇಜಿನ ಹಿಂದೆ ನಾನು ಕೂತಿರುತ್ತೇನೆ. ಹುಡುಗರು ಹೆಸರು, ವಿಳಾಸ, ಅಂಕ ಎಲ್ಲವನ್ನೂ ಸರಸರನೆ ತುಂಬುತ್ತಾರೆ. ಒಂದು ಸಾಲಿನ ಹತ್ತಿರ ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತದೆ: ತಂದೆಯ ಉದ್ಯೋಗ. ಎರಡು ವರ್ಷದ ಹಿಂದೆ ಬಿ.ಕಾಂ. ಸೇರಲು ಬಂದಿದ್ದ ಒಬ್ಬ ಹುಡುಗ ಆ ಸಾಲನ್ನು ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಮುಗಿಸಿದ. ಆಮೇಲೆ ಹಿಂದೆ ನಿಂತವರಿಗೆ ಕೇಳದ ಹಾಗೆ ಬಗ್ಗಿ, "ಸರ, ಕೂಲಿ ಅಂತನ ಬರೀಬೇಕೇನ್ರಿ?" ಎಂದು ಕೇಳಿದ. "ಏನು ಮಾಡ್ತಾರೋ ಅದನ್ನ ಬರಿಯಪ್ಪಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ವ್ಯವಸಾಯ" ಎಂದು ಬರೆದ. ಅವರಿಗೆ ಹೊಲವಿಲ್ಲ, ಅಪ್ಪ ಅವ್ವ ಇಬ್ಬರೂ ವರ್ಷದ ಏಳೆಂಟು ತಿಂಗಳು ಬೆಂಗಳೂರಿಗೆ ಗುಳೆ ಹೋಗುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಅದೇ ಹುಡುಗನನ್ನು ಮೂರನೇ ಇಯತ್ತೆಯಲ್ಲಿ ಕೇಳಿದ್ದರೆ "ನಮ್ಮಪ್ಪ ಬೆಂಗಳೂರಾಗ ಬಿಲ್ಡಿಂಗ್ ಕಟ್ತಾನ್ರಿ" ಎಂದು ದೊಡ್ಡ ದನಿಯಲ್ಲೇ ಹೇಳುತ್ತಿದ್ದ. ನಮ್ಮೂರಿನ ಶಾಲೆಗಳಲ್ಲಿ ಆ ವಯಸ್ಸಿನ ಮಕ್ಕಳು ಹಾಗೆಯೇ ಹೇಳುವುದನ್ನು ನಾನು ಕೇಳಿದ್ದೇನೆ. ಅಪ್ಪ ಬದಲಾಗಿಲ್ಲ, ಕೆಲಸವೂ ಬದಲಾಗಿಲ್ಲ. ಎಂಟು ವರ್ಷದ ಮಗುವಿಗೆ ಹೆಮ್ಮೆಯಾಗಿದ್ದ ಸಂಗತಿ ಹದಿನೆಂಟಕ್ಕೆ ಬಚ್ಚಿಡುವ ಸಂಗತಿ ಹೇಗಾಯಿತು?

ಬಾಲ್ಯದ ಕಷ್ಟದ ಬಗ್ಗೆ ನಮ್ಮಲ್ಲಿ ಎರಡು ಮಾತು ಸದಾ ಸಿದ್ಧವಾಗಿರುತ್ತವೆ. ಕಷ್ಟದಲ್ಲಿ ಬೆಳೆದ ಮಕ್ಕಳು ಕುಗ್ಗಿಹೋಗುತ್ತವೆ ಎನ್ನುವವರು ಕೆಲವರು. ಕಷ್ಟ ಉಂಡವರೇ ಗಟ್ಟಿಯಾಗುವುದು ಎನ್ನುವವರು ಅವರಿಗಿಂತ ಹೆಚ್ಚು. ಎರಡೂ ಮಾತಿನಲ್ಲಿ ಕಷ್ಟ ನೇರವಾಗಿ ಮನಸ್ಸಿಗೆ ಇಳಿದು ಅಲ್ಲಿ ತನ್ನ ಕೆಲಸ ಮಾಡಿಬಿಡುತ್ತದೆ ಎಂಬ ನಂಬಿಕೆ ಇದೆ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಕಷ್ಟಕ್ಕಿಂತ ಆ ಕಷ್ಟಕ್ಕೆ ಮಗುವಿಗೆ ಸಿಕ್ಕ ಕಾರಣ ದೊಡ್ಡದು. ನಮ್ಮ ಮನೆಯಲ್ಲಿ ಹೀಗೇಕೆ ಎಂಬ ಪ್ರಶ್ನೆಗೆ ಯಾರು, ಯಾವ ವಯಸ್ಸಿನಲ್ಲಿ, ಎಂಥ ಉತ್ತರ ಕೊಟ್ಟರು ಎಂಬುದರ ಮೇಲೆ ಮುಂದೆ ಅವನು ತನ್ನನ್ನು ತಾನು ನೋಡಿಕೊಳ್ಳುವ ರೀತಿ ನಿಂತಿರುತ್ತದೆ.

ನಾನು ವಾಣಿಜ್ಯ ವಿಷಯದ ಮೇಷ್ಟ್ರು, ಮನಶ್ಶಾಸ್ತ್ರ ಓದಿಕೊಂಡದ್ದು ಈ ಮಕ್ಕಳ ಸಲುವಾಗಿ. ಓದಿದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ ಅವರ ಕೆಲಸ. ಒಬ್ಬ ವ್ಯಕ್ತಿ ತನ್ನನ್ನು ತಾನು ಎಷ್ಟು ಗೌರವಿಸಿಕೊಳ್ಳುತ್ತಾನೆ ಎಂದು ಅಳೆಯಲು 1965ರಲ್ಲಿ ಅವರು ಕೊಟ್ಟ ಹತ್ತು ವಾಕ್ಯಗಳ ಅಳತೆಗೋಲು ಇವತ್ತಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. 1978ರಲ್ಲಿ ಅವರು ಲೆನಾರ್ಡ್ ಪರ್ಲಿನ್ ಜೊತೆ ಸೇರಿ ಒಂದು ಸರಳ ಪ್ರಶ್ನೆ ಹಾಕಿಕೊಂಡರು: ಬಡವರಿಗೆ ಆತ್ಮಗೌರವ ಕಡಿಮೆಯೇ? ಚಿಕ್ಕ ಮಕ್ಕಳಲ್ಲಿ ಮನೆಯ ಸ್ಥಿತಿಗೂ ಆತ್ಮಗೌರವಕ್ಕೂ ಹೆಚ್ಚುಕಡಿಮೆ ಸಂಬಂಧವೇ ಕಾಣಲಿಲ್ಲ. ಹದಿಹರೆಯದವರಲ್ಲಿ ಸ್ವಲ್ಪ ಕಂಡಿತು. ದೊಡ್ಡವರಲ್ಲಿ ಸ್ಪಷ್ಟವಾಗಿ ಕಂಡಿತು. ಬಡತನ ಮಾತ್ರವೇ ಕಾರಣವಾಗಿದ್ದರೆ ಅದು ಎಳೆಯ ಮನಸ್ಸನ್ನೇ ಮೊದಲು ತಟ್ಟಬೇಕಿತ್ತಲ್ಲ?

ಅವರು ಕೊಟ್ಟ ವಿವರಣೆ ನಮ್ಮ ಊರುಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಮಗು ತನ್ನಂಥವರ ನಡುವೆಯೇ ಬೆಳೆಯುತ್ತದೆ. ಓಣಿಯ ಎಲ್ಲ ಮನೆಗೂ ತಗಡಿನ ಮಾಡು ಇರುವಾಗ ನಮ್ಮದು ತಗಡಿನ ಮನೆ ಎಂದು ಯಾರಿಗೂ ಅನ್ನಿಸುವುದಿಲ್ಲ, ಅದು ಬರೀ ಮನೆ. ಜೊತೆಗೆ, ಮಗುವಿನ ಕಣ್ಣಿಗೆ ಬಡತನ ಅಪ್ಪ ಅವ್ವಂದಿರದು. ದೊಡ್ಡವನಾದಂತೆ ಲೆಕ್ಕ ತಿರುಗುತ್ತದೆ. ಸ್ಥಿತಿ ಎಂಬುದು ದುಡಿದು ಪಡೆಯುವಂಥದ್ದು, ಕೆಳಗಿರುವವನು ಕೆಳಗಿರುವುದು ಅವನ ಯೋಗ್ಯತೆಯಿಂದ ಎಂಬ ಮಾತನ್ನು ಅವನು ಸುತ್ತಲಿಂದ ಕೇಳಿ ಕೇಳಿ ನಂಬುತ್ತಾನೆ. ಅಲ್ಲಿಯವರೆಗೆ ಅಪ್ಪನದಾಗಿದ್ದ ಬಡತನ ಅಲ್ಲಿಂದ ತನ್ನದಾಗುತ್ತದೆ.

ನಮ್ಮಲ್ಲಿ ಈ ತಿರುವು ಬರುವುದು ಪಿಯುಸಿ ಮುಗಿದು ಡಿಗ್ರಿಗೆ ಪೇಟೆಗೆ ಬಂದಾಗ. ಕನ್ನಡ ಮಾಧ್ಯಮದಲ್ಲಿ ಎಂಬತ್ತೈದು ತೆಗೆದವನು ಮೊದಲ ವಾರದಲ್ಲೇ ಇಂಗ್ಲಿಷ್ ಪುಸ್ತಕದ ಮುಂದೆ ಮೂಕನಾಗುತ್ತಾನೆ. ಸಣ್ಣ ಸಣ್ಣ ಸಂಗತಿಗಳೂ ಆಗಲೇ ಕಣ್ಣಿಗೆ ಬೀಳತೊಡಗುತ್ತವೆ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಏಳೆಂಟು ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಹೆಡ್‌ಮಾಸ್ತರರು ಬರೆದುಕೊಂಡ ದಿನ ಅದು. ಊರಿನಲ್ಲಿ ಅದು ಯಾರಿಗೂ ವಿಶೇಷವಲ್ಲ. ಪೇಟೆಯ ಗೆಳೆಯರು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಕೇಕಿನ ಫೋಟೋ ಹಾಕುವುದನ್ನು ನೋಡಿದ ಮೇಲೆ, ತಾನು ಹುಟ್ಟಿದ ದಿನವನ್ನು ನೆನಪಿಟ್ಟುಕೊಳ್ಳುವಷ್ಟೂ ತಾನು ಮುಖ್ಯನಾಗಿರಲಿಲ್ಲವೇ ಎಂಬ ಪ್ರಶ್ನೆ ಹುಟ್ಟುತ್ತದೆ. ಒಬ್ಬ ವಿದ್ಯಾರ್ಥಿನಿ ಇದನ್ನು ನನ್ನ ಹತ್ತಿರ ಅತ್ತುಕೊಂಡೇ ಕೇಳಿದಳು. ಅವಳ ಅವ್ವನಿಗೆ ದಿನ ನೆನಪಿತ್ತು, ತಾರೀಖು ಗೊತ್ತಿರಲಿಲ್ಲ ಅಷ್ಟೆ. ಶೀಗಿ ಹುಣ್ಣಿಮೆಯ ಮರುದಿನ, ಜೋಳದ ಹೊಲದಿಂದ ಬಂದ ರಾತ್ರಿ ಹುಟ್ಟಿದವಳು ಅವಳು. ಅಷ್ಟು ನಿಖರವಾಗಿ ನೆನಪಿಟ್ಟುಕೊಂಡಿದ್ದ ತಾಯಿಯನ್ನು, ಮನೆಗೆ ಹೋಗಿ ಕೇಳುವವರೆಗೂ ಅವಳು ಮನಸ್ಸಿನಲ್ಲೇ ದೂರುತ್ತಿದ್ದಳು.

ಹೋಲಿಕೆಯ ನೋವು ಇದು. ಇದಕ್ಕಿಂತ ಬೇರೆಯೇ ಆದ, ಬಹಳ ಮೊದಲೇ ಬೇರು ಬಿಡುವ ಇನ್ನೊಂದಿದೆ. ಮನೆಯಲ್ಲಿ ಅನ್ನ ಕಡಿಮೆಯಿರುವುದು ಒಂದು, ಮನೆಯಲ್ಲಿ ಹೆದರಿಕೆ ಇರುವುದು ಇನ್ನೊಂದು. ಅಪ್ಪ ಕುಡಿದು ಬರುವ ರಾತ್ರಿ, ಬಾಗಿಲು ತೆಗೆಯುವ ಸಪ್ಪಳದಲ್ಲೇ ಇವತ್ತು ಎಷ್ಟು ಕುಡಿದಿದ್ದಾನೆ ಎಂದು ಅಳೆದು ತಮ್ಮನನ್ನು ಹಿತ್ತಲಿಗೆ ಕರೆದೊಯ್ಯುವ ಮಗು ಯಾರೊಂದಿಗೂ ಹೋಲಿಸಿಕೊಳ್ಳಬೇಕಿಲ್ಲ. ಅದಕ್ಕೆ ಕಾರಣ ಆಗಲೇ ಸಿಕ್ಕಿರುತ್ತದೆ: ತಪ್ಪು ನನ್ನದು.

ಮಗು ಹೀಗೇಕೆ ತನ್ನ ಮೇಲೆಯೇ ಹಾಕಿಕೊಳ್ಳುತ್ತದೆ ಎಂಬುದನ್ನು 1940ರ ದಶಕದಲ್ಲಿ ಸ್ಕಾಟ್ಲೆಂಡಿನ ಮನೋವಿಶ್ಲೇಷಕ ರೊನಾಲ್ಡ್ ಫೇರ್‌ಬೇರ್ನ್ ಬಿಡಿಸಿ ಹೇಳಿದರು. ಅಪ್ಪ ಅವ್ವನೇ ಕೆಟ್ಟವರು ಎಂದುಕೊಂಡರೆ ಮಗುವಿಗೆ ಹೋಗಲು ಬೇರೆ ಜಾಗವಿಲ್ಲ. ತಾನೇ ಕೆಟ್ಟವನು ಎಂದುಕೊಂಡರೆ ಒಂದು ಆಸೆಯಾದರೂ ಉಳಿಯುತ್ತದೆ: ನಾನು ಸರಿಯಾದರೆ ಅಪ್ಪ ಹೊಡೆಯುವುದನ್ನು ಬಿಡಬಹುದು. ಬದುಕಿ ಉಳಿಯಲು ಮಗು ಕಂಡುಕೊಂಡ ಉಪಾಯ ಇದು. ಮಗು ದೊಡ್ಡದಾದ ಮೇಲೂ ಆ ಉಪಾಯ ಹೋಗುವುದಿಲ್ಲ. ನನ್ನ ತರಗತಿಯಲ್ಲಿ ಪ್ರತಿ ಪ್ರಶ್ನೆಗೂ ಮೊದಲು "ಸಾರಿ ರೀ ಸರ" ಎನ್ನುವ ಹುಡುಗಿಯರಿದ್ದಾರೆ. ನಾನು ಚಾಕ್‌ಪೀಸು ಕೆಳಗೆ ಬೀಳಿಸಿದರೂ ಮುಖ ಬಿಳುಚಿಕೊಳ್ಳುವ ಹುಡುಗರಿದ್ದಾರೆ. ಹೊಗಳಿದರೆ ಅವರಿಗೆ ಇನ್ನಷ್ಟು ಗಾಬರಿ, ಯಾಕೆಂದರೆ ಒಳಗಿನ ಲೆಕ್ಕಕ್ಕೆ ಅದು ತಾಳೆಯಾಗುವುದಿಲ್ಲ.

ಇಂಥ ಅನುಭವಗಳ ಬಗ್ಗೆ ದೊಡ್ಡ ಪ್ರಮಾಣದಲ್ಲಿ ಲೆಕ್ಕ ಹಾಕಿದವರು ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ. 1995ರಿಂದ 1997ರವರೆಗೆ ಸ್ಯಾನ್ ಡಿಯಾಗೋದಲ್ಲಿ 17,000ಕ್ಕೂ ಹೆಚ್ಚು ಜನರನ್ನು ಅವರು ಬಾಲ್ಯದ ಹಿಂಸೆ, ಮನೆಯಲ್ಲಿನ ಕುಡಿತ, ತಾಯಿಗೆ ಬೀಳುವ ಏಟು ಮುಂತಾದವುಗಳ ಬಗ್ಗೆ ಕೇಳಿದರು. 1998ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಇಂಥ ಅನುಭವಗಳ ಸಂಖ್ಯೆ ಹೆಚ್ಚಿದಂತೆ ಮುಂದೆ ಖಿನ್ನತೆ, ಆತ್ಮಹತ್ಯೆಯ ಯತ್ನ, ಕುಡಿತದ ಚಟ, ಹೃದ್ರೋಗ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದವು. ಈಗ ಆ ಪ್ರಶ್ನಾವಳಿ ಅಂತರ್ಜಾಲದಲ್ಲಿ ಎಲ್ಲರ ಕೈಗೂ ಸಿಗುತ್ತದೆ. ಹತ್ತಕ್ಕೆ ಆರು ಬಂತು, ಹಾಗಾದರೆ ನಾನು ಕೆಟ್ಟುಹೋದವನು ಎಂದು ತಿಳಿದುಕೊಂಡ ವಿದ್ಯಾರ್ಥಿಗಳು ನನ್ನಲ್ಲಿಗೆ ಬಂದಿದ್ದಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ಇಡೀ ಜನಸಮುದಾಯದ ಲೆಕ್ಕವನ್ನು ಒಬ್ಬನ ಹಣೆಬರಹವಾಗಿ ಓದಬಾರದೆಂದು ಸ್ವತಃ ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಅಲ್ಲಿ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಆರೋಗ್ಯ ವಿಮೆಯಿದ್ದ ಮಧ್ಯಮವರ್ಗದ ಬಿಳಿಯರು ಎಂಬುದೂ ನೆನಪಿರಲಿ. ಜಾತಿಯ ಅವಮಾನಕ್ಕೆ ಆ ಪಟ್ಟಿಯಲ್ಲಿ ಪ್ರಶ್ನೆಯೇ ಇಲ್ಲ.

ಜಾತಿಯ ವಿಷಯಕ್ಕೆ ನಮ್ಮ ನೆಲದ್ದೇ ಪುರಾವೆ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಆಟದ ಹಾಳೆಗಳನ್ನು ಕೊಟ್ಟರು. ಬಿಡಿಸಿದಷ್ಟು ದುಡ್ಡು. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲ್ಜಾತಿಯ ಹುಡುಗರೂ ದಲಿತ ಹುಡುಗರೂ ಸರಿಸಮವಾಗಿ ಬಿಡಿಸಿದರು. ಆಟಕ್ಕೆ ಮೊದಲು ಪ್ರತಿಯೊಬ್ಬನ ಹೆಸರು, ಊರು, ತಂದೆ ಮತ್ತು ಅಜ್ಜನ ಹೆಸರು, ಜಾತಿಯನ್ನು ಎಲ್ಲರೆದುರು ಓದಿದಾಗ ದಲಿತ ಹುಡುಗರು ಬಿಡಿಸಿದ ಸಂಖ್ಯೆ ಇಳಿದುಹೋಯಿತು. ಬುದ್ಧಿ ಅದೇ, ಬದಲಾದದ್ದು ಆ ಒಂದು ನಿಮಿಷದ ಓದು ಮಾತ್ರ. 2006ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ವಿದ್ಯಾರ್ಥಿವೇತನದ ದಾಖಲೆ ತರಿಸಲು ತರಗತಿಗೆ ಹೋಗಿ "ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ" ಎಂದು ನಾನೇ ಎಷ್ಟು ಸಲ ಹೇಳಿದ್ದೆ! ಎದ್ದು ನಿಂತವರು ಆಮೇಲಿನ ಒಂದು ಗಂಟೆಯ ಪಾಠವನ್ನು ಯಾವ ಮನಸ್ಸಿನಲ್ಲಿ ಕೇಳಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ದೇಹಕ್ಕೂ ಇದರಲ್ಲಿ ಪಾಲಿದೆ. ಭಾರತದ ಅವಿಭಜಿತ ಆಂಧ್ರವೂ ಸೇರಿದಂತೆ ನಾಲ್ಕು ದೇಶಗಳ 12,000 ಮಕ್ಕಳನ್ನು 2002ರಿಂದ ಹಿಂಬಾಲಿಸಿದ ಯಂಗ್ ಲೈವ್ಸ್ ಅಧ್ಯಯನದ ಮಾಹಿತಿ ಹಿಡಿದು ಅರ್ಥಶಾಸ್ತ್ರಜ್ಞ ಸ್ಟೆಫಾನ್ ಡೆರ್ಕಾನ್ ಮತ್ತು ಜೊತೆಗಾರರು ತೋರಿಸಿದ ಹಾಗೆ, ಏಳೆಂಟು ವರ್ಷಕ್ಕೆ ಎತ್ತರ ಕಡಿಮೆಯಿದ್ದ ಮಕ್ಕಳಲ್ಲಿ ಮುಂದೆ ಆತ್ಮಗೌರವವೂ ದೊಡ್ಡದನ್ನು ಬಯಸುವ ಧೈರ್ಯವೂ ಕಡಿಮೆಯಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾದ ಅಕ್ಷರ ದಾಸೋಹವನ್ನು ಬರೀ ಹೊಟ್ಟೆಯ ವಿಷಯವೆಂದು ನಾನು ಈಗ ನೋಡುವುದಿಲ್ಲ.

ಇನ್ನು ನಾನು ತುಸು ನಿಂತು ಹೇಳಬೇಕಾದದ್ದು ಜವಾಬ್ದಾರಿ ಹೊತ್ತು ಬೆಳೆದ ಮಕ್ಕಳ ಬಗ್ಗೆ. ಕೊನೆಯ ವರ್ಷದವರಿಗೆ ಅಣಕು ಸಂದರ್ಶನ ಮಾಡಿಸುತ್ತೇನೆ. ಒಬ್ಬಳನ್ನು "ಕಷ್ಟದ ಪರಿಸ್ಥಿತಿಯನ್ನು ನೀನೇ ನಿಭಾಯಿಸಿದ ಉದಾಹರಣೆ ಕೊಡು" ಎಂದು ಕೇಳಿದೆ. ಕೈ ಹಿಸುಕಿಕೊಂಡು "ಅಂಥದ್ದೇನೂ ಇಲ್ರೀ ಸರ" ಅಂದಳು. ಮಾತು ಬೆಳೆಸಿದಾಗ ಗೊತ್ತಾಯಿತು: ಹನ್ನೆರಡನೇ ವಯಸ್ಸಿನಿಂದ, ಅಪ್ಪ ಅವ್ವ ಗುಳೆ ಹೋದ ತಿಂಗಳುಗಳಲ್ಲೆಲ್ಲ ಮನೆ ನಡೆಸಿದವಳು ಅವಳು. ರೇಷನ್ ತರುವುದು, ಇಬ್ಬರು ತಮ್ಮಂದಿರನ್ನು ಶಾಲೆಗೆ ಕಳಿಸುವುದು, ಅಜ್ಜಿಯ ಬಿ.ಪಿ. ಗುಳಿಗೆ, ಸಂಘದ ಸಾಲದ ವಾರದ ಕಂತು. ಕಂತು ಕಟ್ಟಲಾಗದ ವಾರ ಸಂಘದ ಬಾಯಾರ ಮುಂದೆ ನಿಂತು ಎಂಟು ದಿನದ ವಾಯಿದೆ ಕೇಳಿ ಪಡೆದಿದ್ದಾಳೆ. ಇದನ್ನೇ ಯಾಕೆ ಹೇಳಲಿಲ್ಲ ಎಂದರೆ, "ಅದು ಮನೀ ಕೆಲಸ ರೀ ಸರ. ಅದನ್ಯಾಕ ಹೇಳೋದು?"

ಗ್ಲೆನ್ ಎಲ್ಡರ್ ಎಂಬ ಸಮಾಜಶಾಸ್ತ್ರಜ್ಞ 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ಮಕ್ಕಳ ಬದುಕನ್ನು ಹಿಂಬಾಲಿಸಿ ನೋಡಿದ್ದರು. 1920-21ರಲ್ಲಿ ಹುಟ್ಟಿ, ಕುಸಿತದ ಹೊತ್ತಿಗೆ ಮನೆಗೆ ಕೈಜೋಡಿಸುವ ವಯಸ್ಸಿಗೆ ಬಂದಿದ್ದವರಲ್ಲಿ ಅನೇಕರು ತಮ್ಮಿಂದಲೂ ಮನೆಗೆ ಉಪಯೋಗವಿದೆ ಎಂಬ ನಂಬಿಕೆಯೊಂದಿಗೆ ದೊಡ್ಡವರಾದರು. 1928-29ರಲ್ಲಿ ಹುಟ್ಟಿ ಆಗಿನ್ನೂ ಎಳೆಯರಾಗಿದ್ದವರು, ಅದರಲ್ಲೂ ಗಂಡುಮಕ್ಕಳು, ಹೆಚ್ಚು ನೊಂದರು. ಅದೇ ಕಷ್ಟ, ಬೇರೆ ವಯಸ್ಸು, ಬೇರೆ ಫಲ. ಇದನ್ನು ಹಿಡಿದು ಮಕ್ಕಳನ್ನು ದುಡಿಮೆಗೆ ಹಚ್ಚುವುದಕ್ಕೆ ಸಮರ್ಥನೆ ಹುಡುಕುವವರಿಗೆ ಒಂದು ಮಾತು: ಮನೆಗೆ ಕೈಜೋಡಿಸುವುದು ಬೇರೆ, ಬಾಲ್ಯವನ್ನೇ ಅಡವಿಡುವುದು ಬೇರೆ. ನನ್ನ ವಿದ್ಯಾರ್ಥಿನಿಗೆ ಆದದ್ದು ಎರಡನೆಯದರ ಗಡಿಯಲ್ಲಿದೆ. ಮನೆಯನ್ನು ಹೊತ್ತವಳಿಗೆ ತನಗಾಗಿ ಏನನ್ನೂ ಕೇಳಲು ಬಾಯಿ ಬರುವುದಿಲ್ಲ. ಇವಳಂಥ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳದಲ್ಲಿ ಹೋಟೆಲಿಗೆ ಹೋದಳು. ಮಸಾಲೆ ದೋಸೆ ಮುಂದೆ ಬಂದಾಗ ಅವ್ವನ ಅರ್ಧ ದಿನದ ಕೂಲಿ ಎಂದು ಲೆಕ್ಕ ಹಾಕಿ ತಿನ್ನಲಾಗದೆ ಎದ್ದು ಬಂದಳಂತೆ. ಆ ಮನೆಗೆ ಅವಳ ದುಡಿಮೆ ಆಸರೆಯಾಗಿತ್ತು ಎಂಬ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೀಗಾಗಿ ತಾನು ಮನೆಗೆ ಭಾರ ಎಂಬುದೇ ಅವಳ ಮನಸ್ಸಿನಲ್ಲಿ ಉಳಿದಿತ್ತು.

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನದ ಪತ್ರಿಕೆಗಳ ಬಗ್ಗೆಯೂ ಹೇಳಲೇಬೇಕು. ಗಾರೆ ಕೆಲಸದವರ ಮಗಳು, ಆಟೋ ಚಾಲಕನ ಮಗ ರ‍್ಯಾಂಕ್ ಬಂದ ಸುದ್ದಿ ಮುಖಪುಟದಲ್ಲಿರುತ್ತದೆ. ಆ ಮಕ್ಕಳ ಸಂತೋಷ ನನ್ನದೂ ಹೌದು. ಆದರೆ ಅದೇ ಗಾರೆ ಕೆಲಸದವರ ಇನ್ನೊಬ್ಬ ಮಗ, ನೂರಕ್ಕೆ 54 ಅಂಕದವನು, ಆ ಸುದ್ದಿಯಲ್ಲಿ ತನ್ನ ಬಗ್ಗೆ ಓದಿಕೊಳ್ಳುವುದು ಬೇರೆಯೇ: ಕಷ್ಟವೂ ಅಷ್ಟೇ ಇತ್ತು, ಅವಳು ಮೇಲೆ ಬಂದಳು, ಹಾಗಾದರೆ ಕೊರತೆ ನನ್ನಲ್ಲೇ. ಇಪ್ಪತ್ತರ ಹುಡುಗರ ಬಾಯಲ್ಲಿ ನಾನು ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಕಷ್ಟವನ್ನೇ ಗೆಲುವಿನ ಕಾರಣವಾಗಿ ಬರೆದಾಗ ಗೆಲ್ಲದವರ ಪಾಲಿಗೆ ಅವಮಾನ ಉಳಿಯುತ್ತದೆ. ಗೆದ್ದವಳಿಗೂ ಸಹಾಯ ಕೇಳುವ ದಾರಿ ಮುಚ್ಚುತ್ತದೆ. ಅಷ್ಟು ಕಷ್ಟ ಉಂಡವಳು ಇಷ್ಟಕ್ಕೆ ಅಳಬಹುದೇ ಎಂದು ಎಲ್ಲರೂ ಕೇಳುತ್ತಾರೆ.

ಹಾಗಾದರೆ ಕೆಲವರಲ್ಲಿ ಆ ಕಷ್ಟದ ಅರ್ಥ ಬದಲಾಗುವುದು ಹೇಗೆ? ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಬಡತನ, ಜಗಳ, ಕುಡಿತ, ತಂದೆ ತಾಯಿಯ ಮಾನಸಿಕ ಕಾಯಿಲೆಗಳ ನಡುವೆ ಬೆಳೆದವರು. ಆ ಗುಂಪಿನಲ್ಲೂ ಮೂವರಲ್ಲಿ ಒಬ್ಬರು ಆತ್ಮವಿಶ್ವಾಸವುಳ್ಳ, ಇನ್ನೊಬ್ಬರಿಗೆ ಮಿಡಿಯುವ ವ್ಯಕ್ತಿಗಳಾಗಿ ಬೆಳೆದರು. ಅವರಲ್ಲಿ ಎದ್ದು ಕಂಡದ್ದು, ಏನೇ ಆದರೂ ಕೈಬಿಡದ ಒಬ್ಬ ದೊಡ್ಡವರಾದರೂ ಇದ್ದದ್ದು: ಅಜ್ಜಿ, ಚಿಕ್ಕಮ್ಮ, ನೆರೆಮನೆಯವರು, ಟೀಚರು. ನನಗೆ ಇದಕ್ಕಿಂತಲೂ ಮುಖ್ಯವೆನಿಸಿದ್ದು, ಹದಿಹರೆಯದಲ್ಲಿ ದಾರಿ ತಪ್ಪಿದ್ದ ಉಳಿದವರಲ್ಲೂ ಬಹಳಷ್ಟು ಮಂದಿ ಮೂವತ್ತು, ನಲವತ್ತರ ಹೊತ್ತಿಗೆ ಚೇತರಿಸಿಕೊಂಡದ್ದು. ಕಾಲೇಜು, ಒಂದು ಕೆಲಸ, ಒಳ್ಳೆಯ ಸಂಗಾತಿ ಅವರಿಗೆ ಎರಡನೇ ಬಾಗಿಲಾಗಿತ್ತು. ಹದಿನೆಂಟರಲ್ಲಿ ನನ್ನ ಮೇಜಿನ ಮುಂದೆ ನಿಂತ ಯಾವ ಹುಡುಗನ ಕಥೆಯೂ ಮುಗಿದಿಲ್ಲ ಎಂದು ನಾನು ನಂಬುವುದು ಈ ಕಾರಣಕ್ಕೆ.

ನಾಚಿಕೆ ಸಹಾಯವನ್ನೇ ದೂರ ತಳ್ಳುತ್ತದೆ ಎಂಬುದಕ್ಕೆ ನ್ಯೂಜೆರ್ಸಿಯ ಒಂದು ಗಂಜಿಕೇಂದ್ರದಲ್ಲಿ ನಡೆದ ಪ್ರಯೋಗವಿದೆ. ಕ್ರಿಸ್ಟಲ್ ಹಾಲ್, ಜಿಯಾಯಿಂಗ್ ಝಾವ್ ಮತ್ತು ಎಲ್ಡರ್ ಶಫೀರ್ ಅದನ್ನು 2014ರಲ್ಲಿ ಪ್ರಕಟಿಸಿದರು. ಊಟಕ್ಕೆ ಬಂದವರಲ್ಲಿ ಕೆಲವರಿಗೆ ನಿಮ್ಮ ಬದುಕಿನಲ್ಲಿ ನಿಮಗೆ ಹೆಮ್ಮೆ ತಂದ ಒಂದು ಗಳಿಗೆಯನ್ನು ಹೇಳಿ ಎಂದು ಕೇಳಿ ರೆಕಾರ್ಡ್ ಮಾಡಿಕೊಂಡರು. ಉಳಿದವರನ್ನು ದಿನಚರಿಯ ಬಗ್ಗೆ ಕೇಳಿದರು. ಹೆಮ್ಮೆಯ ಗಳಿಗೆ ನೆನೆದವರು ಆಮೇಲೆ ಕೊಟ್ಟ ಸಮಸ್ಯೆಗಳನ್ನು ಚೆನ್ನಾಗಿ ಬಿಡಿಸಿದರು. ಹೊರಗೆ ಹೋಗುವಾಗ ಸರ್ಕಾರಿ ಸವಲತ್ತಿನ ಮಾಹಿತಿ ಪತ್ರವನ್ನು ಕೈಗೆತ್ತಿಕೊಂಡವರೂ ಅವರಲ್ಲೇ ಹೆಚ್ಚು. ತನಗೆ ಹಕ್ಕಾಗಿ ಬರಬೇಕಾದ ವಿದ್ಯಾರ್ಥಿವೇತನದ ಅರ್ಜಿಯನ್ನು ಕೊನೆಯ ದಿನದವರೆಗೂ ಬ್ಯಾಗಿನಲ್ಲಿಟ್ಟುಕೊಂಡು ತಿರುಗುವ ಹುಡುಗರನ್ನು ಸೋಮಾರಿಗಳೆಂದು ಬೈಯುವ ನನ್ನ ಸಹೋದ್ಯೋಗಿಗಳಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ನಮ್ಮ ಕಾಲೇಜಿನಲ್ಲಿ ಈಗ ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಓದುವುದಿಲ್ಲ, ಒಬ್ಬೊಬ್ಬರ ಫೋನಿಗೆ ಸಂದೇಶ ಕಳಿಸುತ್ತೇವೆ. ಮನೆಯ ಹೆದರಿಕೆಯನ್ನು ಹೊತ್ತು ಬಂದವರಿಗೆ ನನ್ನ ಕೈಲಾಗುವುದು ಕಡಿಮೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ ನಿಮ್ಹಾನ್ಸ್, ಮಾನಸಿಕ ತೊಂದರೆಯಿರುವ ಹತ್ತು ಜನರಲ್ಲಿ ಏಳಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಹೇಳಿತ್ತು. 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಪ್ರತಿ ಸೆಮಿಸ್ಟರಿನ ಮೊದಲ ದಿನ ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಡುತ್ತೇನೆ.

"ವ್ಯವಸಾಯ" ಎಂದು ಬರೆದಿದ್ದ ಹುಡುಗ ಕಳೆದ ವರ್ಷ ನನ್ನ ವೆಚ್ಚ ಲೆಕ್ಕದ ತರಗತಿಯಲ್ಲಿದ್ದ. ಕಟ್ಟಡದ ಗುತ್ತಿಗೆ ಲೆಕ್ಕ ಮಾಡಿಸುವಾಗ ಪುಸ್ತಕದಲ್ಲಿದ್ದ ಸೆಂಟ್ರಿಂಗ್ ಖರ್ಚು ಯಾಕೆ ಅಷ್ಟು ಎಂದು ನನಗೇ ಸರಿಯಾಗಿ ಹೇಳಲಾಗಲಿಲ್ಲ. ಯಾರಿಗಾದರೂ ಗೊತ್ತೇ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಅವನ ಕೈ ಅರ್ಧ ಎದ್ದಿತು. ಬೋರ್ಡಿಗೆ ಬಂದು ಸ್ಲ್ಯಾಬಿನ ಕೆಳಗೆ ಜಾಕ್ ನಿಲ್ಲಿಸುವುದು, ಶೀಟು ಹಾಸುವುದು, ಕಾಂಕ್ರೀಟು ಬಿಗಿಯುವವರೆಗೂ ಬಿಚ್ಚದೆ ಕಾಯುವುದು, ಅಷ್ಟೂ ದಿನದ ಶೀಟು ಬಾಡಿಗೆ, ಎಲ್ಲವನ್ನೂ ಚಿತ್ರ ಬರೆದು ಹೇಳಿದ. ಇಪ್ಪತ್ತು ನಿಮಿಷ. ಒಂದು ಕಡೆ ಶೀಟು ಮಟ್ಟಸವಾಗಿ ಕೂರದಿದ್ದರೆ ಏನಾಗುತ್ತದೆ ಎಂದು ಒಬ್ಬ ಕೇಳಿದ್ದಕ್ಕೆ, "ನಮ್ಮಪ್ಪ ಕಟ್ಟಿದ್ದು ಹಂಗ ಆಗಂಗಿಲ್ಲ" ಅಂದ.

ಈ ವರ್ಷದ ಪ್ರವೇಶಕ್ಕೆ ಅರ್ಜಿ ತುಂಬಲು ಸಹಾಯ ಮಾಡುವ ಹಿರಿಯ ವಿದ್ಯಾರ್ಥಿಗಳ ಗುಂಪಿನಲ್ಲಿ ಅವನೂ ಇದ್ದ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಆ ಸಾಲಿನ ಹತ್ತಿರ ಬಂದು ಪೆನ್ನು ನಿಲ್ಲಿಸಿದಳು. ಅವನು ಬಗ್ಗಿ ನೋಡಿ, "ನಿಮ್ಮಪ್ಪ ಏನ್ ಮಾಡ್ತಾರವ್ವಾ?" ಅಂದ. ಅವಳು ಮೆಲ್ಲಗೆ ಏನೋ ಹೇಳಿದಳು. "ಹಂಗಾರ ಬರೇ ಕೂಲಿ ಅಂತ ಬರೀಬ್ಯಾಡ. ಸೆಂಟ್ರಿಂಗ್ ಕೆಲಸ ಅಂತ ಬರಿ. ನಮ್ಮಪ್ಪಂದೂ ಅದ."